ನಾನು ನೇರ ಮಾಡಿದ ಇಗರ್ಜಿ

ಆ ನಕ್ಷೆ ನನ್ನ ಮೇಜಿಗೆ ಬಂದಾಗ ಹದಿನಾರು ಮಡಿಕೆಯಾಗಿತ್ತು. ಬಿಡಿಸಿದರೆ ಮಡಿಕೆ ಯಾವುದು, ಗೋಡೆಯ ಗೆರೆ ಯಾವುದು ಎಂದು ತಿಳಿಯದಷ್ಟು ಹಳೆಯ ಟ್ರೇಸಿಂಗ್ ಕಾಗದ. ಒಂದು ಕಡೆ ಅಡ್ಡಡ್ಡ ಹರಿದಿತ್ತು. ಅದಕ್ಕೆ ಅಂಟಿಸಿದ ಟೇಪು ಚಹಾದ ಬಣ್ಣಕ್ಕೆ ತಿರುಗಿತ್ತು. ತಂದವರು ನಮ್ಮ ಕಂಪೆನಿಯ ದೊಡ್ಡ ಇಂಜಿನಿಯರ್, ಇಂಗ್ಲೆಂಡಿನವರು. ದೋಹಾದಲ್ಲಿ ಅವರು ನಿಂತು ಕಟ್ಟಿಸಿದ ಕಟ್ಟಡಗಳ ಬಾಗಿಲುಗಳೆಲ್ಲ ಇಂಡಸ್ಟ್ರಿಯಲ್ ಏರಿಯಾದ ನಮ್ಮ ಮರಗೆಲಸದ ಶೆಡ್ಡಿನಿಂದಲೇ ಹೋದವು. ಆ ಶೆಡ್ಡಿಗೆ ನಾನು ಫೋರ್‌ಮನ್.

"ಉಸ್ತಾದ್, ಇದು ನನ್ನೂರಿನ ಇಗರ್ಜಿ," ಎಂದರು. ನಾವು ಮಾತಾಡುವುದು ಸೈಟಿನ ಇಂಗ್ಲಿಷು, ನಡುವೆ ಹಿಂದಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ; ಅವರ ಚರ್ಚು ನನಗೆ ಇಗರ್ಜಿ. "ಹತ್ತೊಂಬತ್ತು ವರ್ಷದವನಿದ್ದಾಗ ಅಪ್ಪನ ಜೊತೆ ಟೇಪು ಹಿಡಿದು ಅಳೆದದ್ದು. ಮರದಲ್ಲಿ ಮಾಡಿ ಕೊಡಬೇಕು. ಛಾವಣಿ ತೆಗೆದಿಡುವ ಹಾಗಿರಬೇಕು. ಒಳಗೆ ಕೈ ಹೋಗಬೇಕು."

"ಕೈ ಯಾಕೆ ಸರ್? ನೋಡಲಿಕ್ಕಲ್ಲವಾ?"

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಒರೆಸಿದರೂ ಏನೂ ಆಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅವರ ಕಣ್ಣಿನ ಸುದ್ದಿ ಕಂಪೆನಿಯಲ್ಲೆಲ್ಲ ಹರಡಿತ್ತು. ಬದಿಗಳಿಂದ ಕತ್ತಲೆ ಮುಚ್ಚಿಕೊಂಡು ಬರುವ ರೋಗ. "ಪೈಪಿನೊಳಗಿಂದ ನೋಡಿದ ಹಾಗೆ ಕಾಣುತ್ತದೆ. ಆ ಪೈಪೂ ಸಣ್ಣದಾಗುತ್ತ ಇದೆ," ಎಂದರು. "ಇನ್ನು ಆರು ವಾರ. ಆಮೇಲೆ ಊರಿಗೆ. ಊರಲ್ಲಿ ಇಗರ್ಜಿ ಇದೆ. ಆದರೆ ನನಗೆ ಅದು ಇರುವುದಿಲ್ಲ. ಬೆರಳಿಗಾದರೂ ಇರಲಿ."

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೆ ಮರದ ವಿಷಯದಲ್ಲಿ ಯಾರೂ ನನಗೆ ಎರಡನೇ ಸಲ ಹೇಳಬೇಕಾಗಿ ಬಂದದ್ದಿಲ್ಲ. ಆಯಿತು ಎಂದೆ.

ನಕ್ಷೆಯ ಅಂಚಿನ ತುಂಬ ಸಣ್ಣ ಅಕ್ಷರದ ಇಂಗ್ಲಿಷ್ ಟಿಪ್ಪಣಿ. ಅದನ್ನು ಓದಿ ಹೇಳಲು ನಮ್ಮ ಆಫೀಸಿನ ಗುಮಾಸ್ತರನ್ನು ಹಿಡಿದೆ. ಉಡುಪಿ ಕಡೆಯ ಕ್ರಿಶ್ಚಿಯನ್ನರು, ಹೆಂಡತಿ ಮಕ್ಕಳೊಂದಿಗೆ ಅಬು ಹಮೂರಿನಲ್ಲಿ ಇರುವವರು. ಅವರ ಮನೆಮಾತು ಕೊಂಕಣಿ, ನನ್ನದು ಬ್ಯಾರಿ. ನಮ್ಮಿಬ್ಬರ ನಡುವೆ ಕನ್ನಡ. ಊರಿನ ರೂಢಿಯಂತೆ ನಾನು ಅವರನ್ನು ಪೊರ್ಬುಗಳೇ ಎನ್ನುತ್ತೇನೆ, ಅವರಿಗೆ ನಾನು ಮೇಸ್ತ್ರಿ. ಶುಕ್ರವಾರ ಅವರು ಪೂಜೆ ಮುಗಿಸಿ, ನಾನು ಜುಮಾ ಮುಗಿಸಿ ಶೆಡ್ಡಿನಲ್ಲಿ ಸೇರುತ್ತಿದ್ದೆವು. ಬರುವಾಗ ಫ್ಲಾಸ್ಕಿನಲ್ಲಿ ಕರಕ್ ಚಹಾ ತರುವುದು ಅವರ ಪಾಲಿನ ಕೆಲಸ.

"ಮೊದಲು ಎರಡೇ ಕೋಣೆ ಇದ್ದದ್ದಂತೆ ಮೇಸ್ತ್ರಿ," ಎಂದು ಅವರು ಭೂತಗನ್ನಡಿ ಹಿಡಿದು ಓದಿದರು. "ಜನರಿಗೆ ಒಂದು ಹಜಾರ, ಪಾದ್ರಿಗೆ ಒಂದು ಸಣ್ಣ ಕೋಣೆ, ಅಲ್ತಾರ್ ಅಂದ್ರೆ ಪೂಜೆಯ ಪೀಠ ಇರುವಂಥದ್ದು. ಎಂಟುನೂರು ಒಂಬೈನೂರು ವರ್ಷದ ಹಿಂದೆ. ಮತ್ತೆ ಜನ ಹೆಚ್ಚಾದ್ರು. ಬಡಗು ಗೋಡೆ ಒಡೆದು ಕಮಾನು ಹಾಕಿ, ಆಚೆ ಒಂದು ಪಡಸಾಲೆ ಸೇರಿಸಿದ್ರು."

"ಗೋಡೆ ಒಡೆದರೆ ಮೇಲಿನ ಭಾರ ಎಲ್ಲಿಗೆ ಹೋಗುದು? ಒಂದೊಂದೇ ಕಮಾನು ಕೊರೆದಿರ್ಬೇಕು. ಒಂದು ಕೂತ ಮೇಲೆ ಇನ್ನೊಂದು."

"ಅದು ಇಲ್ಲಿ ಬರೀಲಿಲ್ಲ."

"ಬರೆಯುದು ಬೇಡ. ಬೇರೆ ದಾರಿ ಇಲ್ಲ."

ಹೀಗೆ ಅವರು ಟಿಪ್ಪಣಿ ಓದುವುದು, ನಾನು ಗೋಡೆ ಓದುವುದು. ಪಡಸಾಲೆಯ ಎರಡು ಕಮಾನು ದುಂಡಗೆ, ಮೂರನೆಯದರ ನೆತ್ತಿ ಚೂಪು. ಅಂದರೆ ಎರಡು ಕಮಾನಿಗೆ ಕೆಲಸ ನಿಂತು, ಎಷ್ಟೋ ವರ್ಷದ ಮೇಲೆ ಬೇರೆ ಕೈ ಮೂರನೆಯದನ್ನು ಹಾಕಿದೆ. ಪಡುವಣದ ಗೋಪುರ ಇನ್ನೂ ಆಮೇಲಿನದು. ಗೋಪುರದ ಗೋಡೆಯಲ್ಲಿ, ಈಗಿನ ಛಾವಣಿಗಿಂತ ಮೇಲೆ, ಮಡಚಿದ ಮೊಣಕೈಯಂತೆ ಒಂದು ಕಲ್ಲಿನ ಗುರುತು. ಹಿಂದೆ ಇದ್ದ ಛಾವಣಿ ತುಂಬ ಕಡಿದಾಗಿತ್ತು. ಅದು ಹೋಯಿತು, ಗುರುತು ಉಳಿಯಿತು. ಹಜಾರದ ಗೋಡೆ ಎತ್ತರಿಸಿ, ಕಿಟಕಿಗಳನ್ನಿಟ್ಟು, ಚಪ್ಪಟೆ ಛಾವಣಿ ಕೂರಿಸಿದ್ದರು. ಅಲ್ತಾರ್ ಕೋಣೆಯನ್ನೂ ಮೂರು ಪಟ್ಟು ಉದ್ದ ಮಾಡಿದ್ದರು. ಒಬ್ಬ ಮೇಸ್ತ್ರಿಯೂ ಇಡೀ ಇಗರ್ಜಿಯನ್ನು ನೋಡಲಿಲ್ಲ. ಒಬ್ಬೊಬ್ಬರೂ ಹಿಂದಿನವನ ಕೆಲಸಕ್ಕೆ ತಮ್ಮದನ್ನು ಜೋಡಿಸಿ ಹೋದರು. ನನಗೆ ಅವರ ಮೇಲೆ ಗೌರವ ಬಂತು.

ಐವತ್ತಕ್ಕೆ ಒಂದರ ಅಳತೆ. ಉದ್ದ ಅರ್ಧ ಮೀಟರಿನ ಮೇಲೆ ಸ್ವಲ್ಪ. ಬೆರಳಿಗೆ ಕಾಲ ಗೊತ್ತಾಗಬೇಕೆಂದು ಮೂರು ಜಾತಿಯ ಮರ ತೆಗೆದುಕೊಂಡೆ. ಮೊದಲಿನ ಗೋಡೆಗಳಿಗೆ ಸಾಗುವಾನಿ, ಅದನ್ನು ಒರಟು ಕಾಗದದಲ್ಲಷ್ಟೇ ಉಜ್ಜಿ ಬಿಟ್ಟೆ. ಆಮೇಲೆ ಸೇರಿಸಿದ ಗೋಡೆಗಳಿಗೆ ನುಣ್ಣಗಿನ ಬೀಚ್. ಗೋಪುರ ಮತ್ತು ಛಾವಣಿಗೆ ಓಕ್, ಅದರ ನರ ಉಗುರಿಗೆ ಸಿಗುತ್ತದೆ. ಪುಡಿ ಒತ್ತಿ ಮಾಡಿದ ಹಲಗೆಯನ್ನು ಹತ್ತಿರ ಸೇರಿಸಲಿಲ್ಲ. ಮೂರನೇ ವಾರ ಒಂದು ಪೆಟ್ಟು ಬಿತ್ತು. ರಜೆಯ ದಿನ ಯಾರೋ ಶೆಡ್ಡಿನ ಏಸಿ ಆರಿಸಿ ಹೋಗಿದ್ದರು. ಸೆಪ್ಟೆಂಬರಿನ ತೇವ ನುಗ್ಗಿ ತಳದ ಹಲಗೆ ಉಬ್ಬಿತು, ಚೂಪು ಕಮಾನಿನ ನೆತ್ತಿ ಬಿರಿಯಿತು. ನಾಲ್ಕು ದಿನ ಹೋಯಿತು. ಕಮಾನನ್ನು ಎರಡು ತುಂಡಿನಲ್ಲಿ ಮತ್ತೆ ಕೊರೆದು, ನಡುವೆ ಕೂದಲೆಳೆಯಷ್ಟು ಜಾಗ ಬಿಟ್ಟು ಕೂರಿಸಿದೆ.

ಇನ್ನು ನನ್ನ ತಪ್ಪಿನ ವಿಷಯ.

ನಕ್ಷೆಯಲ್ಲಿ ಅಲ್ತಾರ್ ಕೋಣೆ ಓರೆಯಾಗಿತ್ತು. ಹಜಾರ ನೇರ ಮೂಡಣಕ್ಕೆ ಹೋದರೆ, ಈ ಕೋಣೆ ಸ್ವಲ್ಪ ಬಡಗು ದಿಕ್ಕಿಗೆ ಕತ್ತು ತಿರುಗಿಸಿದ ಹಾಗೆ. ನನ್ನ ಅಳತೆಯಲ್ಲಿ ತುದಿಗೆ ಒಂಬತ್ತು ಮಿಲಿಮೀಟರ್. ಕಾಗದ ಹರಿದಿದ್ದದ್ದೂ ಸರಿಯಾಗಿ ಅಲ್ಲೇ, ಹಜಾರ ಮುಗಿದು, ಒಂದು ದೊಡ್ಡ ಕಮಾನು ದಾಟಿ ಈ ಕೋಣೆ ಶುರುವಾಗುವಲ್ಲಿ. ಟೇಪು ಅಂಟಿಸುವಾಗ ಜರುಗಿದೆ ಎಂದುಕೊಂಡೆ.

"ಒಮ್ಮೆ ಸಾಹೇಬ್ರ ಹತ್ರ ಕೇಳುವನಾ?" ಎಂದರು ಗುಮಾಸ್ತರು.

"ಎಂತ ಕೇಳುದು? ಗಲ್ಫಿನಲ್ಲಿ ಇಷ್ಟು ವರ್ಷದಲ್ಲಿ ಸರಿ ಇರುವ ಒಂದು ಡ್ರಾಯಿಂಗ್ ನನ್ನ ಕೈಗೆ ಬಂದಿದೆಯಾ ಪೊರ್ಬುಗಳೇ? ಕಾಗದದಲ್ಲಿ ಇಂಜಿನಿಯರಿನ ತಪ್ಪು, ಮರದಲ್ಲಿ ಬಡಗಿಯ ತಪ್ಪು. ಮರಕ್ಕೆ ಬರುವ ಮೊದಲು ಸರಿ ಮಾಡುದೇ ನನ್ನ ಕೆಲಸ."

ಅದು ಜಂಬದ ಮಾತೇ, ಆದರೆ ಸುಳ್ಳಲ್ಲ. ನಮ್ಮ ಕೆಲಸದ ರೂಢಿಯೇ ಹಾಗೆ. ಡ್ರಾಯಿಂಗಿನಲ್ಲಿ ಚೌಕಟ್ಟು ಓರೆ ಬಂದರೆ ಬಾಯಿ ಬಿಡದೆ ಮೂಲೆಮಟ್ಟ ಹಿಡಿದು ತೊಂಬತ್ತು ಡಿಗ್ರಿಗೆ ತರುವುದು. ಯಾರೂ ಬೈದದ್ದಿಲ್ಲ. ಹಾಗೇ ಕೋಣೆಯನ್ನು ನೇರ ಮಾಡಿ ಅಂಟಿಸಿದೆ. ಗೋಪುರದ ಬಾಗಿಲಿನಿಂದ ದಾರ ಹಿಡಿದರೆ ಕೋಣೆಯ ತುದಿಯಲ್ಲಿರುವ ಮೂಡಣದ ಕಿಟಕಿಯ ನಟ್ಟನಡುವಿಗೆ ಹೋಗಿ ಮುಟ್ಟುತ್ತಿತ್ತು. ಆ ದಾರವನ್ನು ಶೆಡ್ಡಿನಲ್ಲಿ ಎಲ್ಲರಿಗೂ ತೋರಿಸಿದೆ.

ಅವರು ಹೊರಡಲು ಹನ್ನೊಂದು ದಿನವಿದ್ದಾಗ ಇಂಜಿನಿಯರ್ ಬಂದರು. ಡ್ರೈವರ್ ಮೊಣಕೈ ಹಿಡಿದು ಕರೆತಂದ. ಸ್ಟೂಲಿನ ಮೇಲೆ ಕೂತು, ಕನ್ನಡಕ ಜೇಬಿಗೆ ಹಾಕಿ, ಕಣ್ಣು ಮುಚ್ಚಿ, ಎರಡೂ ಕೈ ಮುಂದೆ ಮಾಡಿದರು. ನಾನು ಛಾವಣಿ ತೆಗೆದೆ.

ಬೆರಳು ಗೋಪುರದಿಂದ ಶುರುವಾಯಿತು. ಹಳೇ ಛಾವಣಿಯ ಗುರುತು ಸಿಕ್ಕಿದಾಗ ನಕ್ಕರು. ದುಂಡು ಕಮಾನು, ಇನ್ನೊಂದು ದುಂಡು, ಆಮೇಲೆ ಚೂಪು. "ಈ ಕಂಬದ ಹತ್ತಿರ ನನ್ನ ಅಮ್ಮ ಕೂರುತ್ತಿದ್ದದ್ದು," ಎಂದರು. ಸಾಗುವಾನಿ ಮುಗಿದು ಬೀಚ್ ಶುರುವಾಗುವಲ್ಲಿ ಹೆಬ್ಬೆರಳು ಹಿಂದೆ ಮುಂದೆ ಓಡಾಡಿತು. ನನ್ನ ಎದೆ ಉಬ್ಬಿತ್ತು. ಬಾಗಿಲ ಹತ್ತಿರ ನಿಂತಿದ್ದ ಗುಮಾಸ್ತರು ನನಗೆ ಕಣ್ಣು ಹೊಡೆದರು.

ಅಲ್ತಾರ್ ಕೋಣೆಗೆ ಬಂದಾಗ ಕೈ ನಿಂತಿತು. ವಾಪಸು ಗೋಪುರಕ್ಕೆ ಹೋಗಿ ಮತ್ತೆ ಬಂತು. "ಒಂದು ಸ್ಕೇಲ್ ಕೊಡು ಉಸ್ತಾದ್," ಎಂದರು. ಕೊಟ್ಟೆ. ಅದನ್ನು ಗೋಪುರದ ಬಾಗಿಲಿನ ನಡುವಿನಿಂದ ಮಲಗಿಸಿ, ತುದಿ ಕಿಟಕಿಗೆ ಎಲ್ಲಿ ತಾಗುತ್ತದೆ ಎಂದು ಬೆರಳಿಂದ ನೋಡಿದರು.

"ನಡುವಿಗೆ ತಾಗಿತಲ್ಲ," ಎಂದರು ಮೆಲ್ಲಗೆ.

"ಕರೆಕ್ಟಾಗಿ ನಡುವಿಗೆ ಸರ್."

"ಸಣ್ಣವನಿದ್ದಾಗ ನಾವು ಹಿಂದೆ, ಗೋಪುರದ ಕೆಳಗೆ ನಿಲ್ಲುತ್ತಿದ್ದೆವು. ಅಲ್ಲಿಂದ ಆ ಕಿಟಕಿ ಪೂರ್ತಿ ಕಾಣುತ್ತಿರಲಿಲ್ಲ. ಎಡಗಡೆಯ ಒಂದು ಪಟ್ಟಿ ಅಲ್ತಾರ್ ಕೋಣೆಯ ಕಮಾನಿನ ಹಿಂದೆ ಅಡಗುತ್ತಿತ್ತು. ಅದರಲ್ಲಿ ಒಂದು ನೀಲಿ ಗಾಜಿತ್ತು. ಅದನ್ನು ನೋಡಲಿಕ್ಕೆ ಕತ್ತು ಚಾಚಿ ಅಮ್ಮನ ಹತ್ತಿರ ಚಿವುಟಿಸಿಕೊಳ್ಳುತ್ತಿದ್ದೆ." ಸ್ಕೇಲನ್ನು ನನ್ನ ಕೈಗೆ ಕೊಟ್ಟರು. "ಇಲ್ಲಿ ಎಲ್ಲ ಕಾಣುತ್ತದೆ."

ನಾನು ಹರಿದ ನಕ್ಷೆಯನ್ನು ಮುಂದಕ್ಕೆಳೆದೆ. "ಕಾಗದ ಹರಿದಿತ್ತು ಸರ್. ಓರೆ ಬಂದದ್ದು ಟೇಪಿನಿಂದ. ಯಾವ ಮೇಸ್ತ್ರಿಯೂ ಹಾಗೆ ಕಟ್ಟುವುದಿಲ್ಲ."

"ಕಟ್ಟಿದ್ದಾರೆ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ. ಶಿಲುಬೆಯ ಮೇಲೆ ಯೇಸುವಿನ ತಲೆ ಒಂದು ಕಡೆಗೆ ವಾಲಿತ್ತಲ್ಲ, ಅದರ ನೆನಪಿಗೆ ಎಂದು ಅಪ್ಪ ಹೇಳುತ್ತಿದ್ದರು." ಆಮೇಲೆ ನನ್ನ ಭುಜ ತಡವಿದರು. "ಇರಲಿ ಬಿಡು. ಇಷ್ಟು ಚಂದದ ಕೆಲಸ ನಾನು ನೋಡಿಲ್ಲ. ಹೀಗೇ ತೆಗೆದುಕೊಂಡು ಹೋಗುತ್ತೇನೆ. ಖಲಾಸ್."

ಬೈದಿದ್ದರೆ ಸುಲಭವಿತ್ತು.

ಆ ಸಂಜೆ ಬರ್ವಾ ಅಲ್ ಬರಾಹಾದ ನಮ್ಮ ಕ್ಯಾಂಪಿಗೆ ಹೋಗುವ ಕಂಪೆನಿ ಬಸ್ಸಿನಲ್ಲಿ ಅದನ್ನೇ ಯೋಚಿಸುತ್ತ ಕೂತೆ. ತಲೆ ವಾಲಿದ ಕತೆ ನನಗೆ ಒಗ್ಗಲಿಲ್ಲ. ಅವರ ನಂಬಿಕೆಯನ್ನು ನಾನು ಹಗುರ ಮಾಡುತ್ತಿಲ್ಲ. ಆದರೆ ಗೋಡೆಗೆ ಗುರುತು ಹಾಕುವವನ ಕೈಯಲ್ಲಿ ದಾರ ಇರುತ್ತದೆ. ದಾರ ಹಿಡಿದವನು ಬೇಕೆಂದು ಓರೆ ಹಿಡಿಯುವುದಿಲ್ಲ. ಹಿಡಿದಿದ್ದರೆ ದಾರಕ್ಕೆ ಏನೋ ಅಡ್ಡ ಬಂದಿರಬೇಕು.

ಅಡ್ಡ ಬಂದಿರಬೇಕು ಎಂದುಕೊಂಡಾಗಲೇ ಅಲ್ ರಯ್ಯಾನಿನ ಆ ಮನೆ ನೆನಪಾಯಿತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಈ ಕಂಪೆನಿಗೆ ಸೇರುವ ಮೊದಲಿನ ಮಾತು. ಅಲ್ಲಿ ಒಂದು ಅರಬಿ ಮನೆಯ ಹಿಂದೆ ಮಜ್ಲಿಸ್, ಎಂದರೆ ಅತಿಥಿಗಳ ಹಜಾರ, ಕಟ್ಟುವ ಕೆಲಸಕ್ಕೆ ಹೋಗಿದ್ದೆವು. ಗುರುತು ಹಾಕುವ ಜವಾಬ್ದಾರಿ ನನ್ನದು. ಮನೆಯ ಮುಂದಿನಿಂದ ಹಿಂದಕ್ಕೆ ದಾರ ಎಳೆದರೆ ಮಾತ್ರ ಹೊಸ ಗೋಡೆ ಹಳೆಯದರ ನೇರಕ್ಕೆ ಬರುತ್ತದೆ. ಆದರೆ ನಡುವೆ ಹೆಂಗಸರ ಕೋಣೆಗಳು. ಮನೆಯಲ್ಲಿ ಜನ ವಾಸ. ಒಳಗೆ ಕಾಲಿಡುವುದು ಮಾಫಿ, ದಾರವೂ ಮಾಫಿ, ಎಂದರು ಯಜಮಾನರು. ಮಾಫಿ ಎಂದರೆ ಅರಬಿಯಲ್ಲಿ ಇಲ್ಲ. ಅವರದು ತಪ್ಪಲ್ಲ. ನನ್ನ ಕೈಗೆ ಸಿಕ್ಕಿದ್ದು ಹಿಂದಿನ ಅಡಿಗೆಮನೆಯ ಎರಡು ಮೀಟರ್ ಗೋಡೆ ಮಾತ್ರ. ಅದನ್ನೇ ಹಿಡಿದು ಗುರುತು ಹಾಕಿದೆ. ಆ ಗೋಡೆ ಎರಡು ಬೆರಳು ಓರೆ ಇತ್ತು. ಎರಡು ಮೀಟರಿನಲ್ಲಿ ಎರಡು ಬೆರಳು ಯಾರ ಕಣ್ಣಿಗೂ ಬೀಳುವುದಿಲ್ಲ. ನನ್ನ ಗೋಡೆ ಎಂಟು ಮೀಟರ್. ಮಜ್ಲಿಸ್ ಮುಗಿದು ನಡುವಿನ ಗೋಡೆ ಒಡೆದ ದಿನ ನೋಡಿದರೆ ತುದಿಯಲ್ಲಿ ಒಂದು ಗೇಣು ಹೋಗಿತ್ತು. ಟೈಲ್ಸಿನವನಿಗೆ ಹೇಳಿ ಅಂಚಿನ ಸಾಲನ್ನು ಸಪೂರ ಮಾಡುತ್ತ ಹೋಗಿ ಮುಚ್ಚಿಸಿದೆ. ಯಜಮಾನರು ಸಂತೋಷದಿಂದ ಊಟ ಹಾಕಿದರು. ನಾನು ಆ ಸಪೂರ ಸಾಲಿಗೆ ಬೆನ್ನು ಹಾಕಿ ಕೂತು ಉಂಡೆ.

ಮರುದಿನ ಬೆಳಿಗ್ಗೆ ನಕ್ಷೆಯನ್ನು ಕಿಟಕಿ ಗಾಜಿಗೆ ಒತ್ತಿ ಹಿಡಿದೆ. ಬೆಳಕಿಗೆ ಟೇಪಿನ ಅಡಿಯ ಅಂಕಿಗಳು ಎದ್ದು ಬಂದವು. ಅಲ್ತಾರ್ ಕೋಣೆಯನ್ನು ಮೂಲೆಯಿಂದ ಎದುರು ಮೂಲೆಗೆ ಅಳೆದ ಎರಡು ಅಂಕಿ. ನೇರವಾಗಿದ್ದರೆ ಎರಡೂ ಒಂದೇ ಇರಬೇಕು. ಇರಲಿಲ್ಲ. ಕಾಗದ ಜರುಗಬಹುದು, ಅಂಕಿ ಜರುಗುವುದಿಲ್ಲ. ಬಡಗಿಯಾದವನು ಮೊದಲು ನೋಡಬೇಕಾದದ್ದನ್ನೇ ನಾನು ನೋಡಿರಲಿಲ್ಲ.

"ಪೊರ್ಬುಗಳೇ, ಈ ಕೋಣೆಯ ಒಳಗೆ ಚುಕ್ಕಿ ಚುಕ್ಕಿ ಗೆರೆ ಉಂಟಲ್ಲ, ಅದು ಎಂತದು ಓದಿ."

ಅವರು ಭೂತಗನ್ನಡಿ ಇಟ್ಟರು. "ನೆಲದ ಕಲ್ಲು ಎಬ್ಬಿಸಿದಾಗ ಹಳೇ ಸಣ್ಣ ಕೋಣೆಯ ಪಾಯ ಸಿಕ್ಕಿತು ಅಂತ ಬರ್ದಿದ್ದಾರೆ."

ಅಳೆದೆ. ಹಳೇ ಕೋಣೆ ನನ್ನ ಅಳತೆಗೆ ಅರುವತ್ತು ಮಿಲಿಮೀಟರ್ ಉದ್ದ, ತುದಿಗೆ ಓರೆ ಮೂರು. ಹೊಸದು ನೂರ ಎಂಬತ್ತು, ಓರೆ ಒಂಬತ್ತು. ಹಳೇ ಗೋಡೆಗೂ ಹೊಸ ಗೋಡೆಗೂ ನಡುವಿನ ಜಾಗ ಎರಡೂ ಕಡೆ ಒಂದೇ ಸಮ.

"ಹೊಸ ಗೋಡೆ ಕಟ್ಟುವಾಗ ಹಳೇ ಕೋಣೆ ಒಡೆದಿರಲಿಲ್ಲ," ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿತು. "ಹೊರಗಿಂದ ಸುತ್ತ ಕಟ್ಟಿದ್ದು. ಒಳಗೆ ಪೂಜೆ ನಡೀತಾ ಇತ್ತು. ದಾರ ಒಳಗಿಂದ ಎಳೀಲಿಕ್ಕೆ ಬಿಡಲಿಲ್ಲ. ಅವ ಹಳೇ ಗೋಡೆಯಿಂದ ಇಷ್ಟಿಷ್ಟು ಅಂತ ಅಳೆದ. ಹಳೇದರ ಸಣ್ಣ ಓರೆ ಇವನ ಕೈಯಲ್ಲಿ ದೊಡ್ಡದಾಯ್ತು."

ಗುಮಾಸ್ತರು ಲೋಟ ಕೆಳಗಿಟ್ಟರು. "ನಿಮಗೆ ಹೇಗೆ ಗೊತ್ತು ಮಾರಾಯ್ರೆ? ಕಂಡವರ ಹಾಗೆ ಹೇಳ್ತೀರಲ್ಲ."

"ಕಂಡಿದ್ದೇನೆ," ಎಂದು ರಯ್ಯಾನಿನ ಕತೆ ಹೇಳಿದೆ. ಮೊದಲ ಸಲ.

ಅವರು ಕೇಳಿ ಮುಗಿಸಿ, "ಅಂದ್ರೆ ಒಂದು ಮಿಸ್ಟೇಕ್ ಮಾಡಿ ಬಂದವರೇ ಬೇಕಾಯ್ತು ಇದಕ್ಕೆ," ಎಂದು ನಕ್ಕರು. "ಈಗ ಎಂತ ಮಾಡ್ತೀರಿ? ಸಾಹೇಬ್ರು ಸಾಕು ಅಂದ್ರಲ್ಲ."

"ಅವರು ಸಾಕು ಅಂದದ್ದು ನನಗೋಸ್ಕರ."

ಆಗಲೇ ಗರಗಸ ತೆಗೆದೆ. ಅಂಟು ಬಿಡಿಸಲು ಬರುವುದಿಲ್ಲ, ಕೊಯ್ಯಬೇಕು. ಸಣ್ಣ ಹಲ್ಲಿನ ಗರಗಸವನ್ನು ಕಮಾನಿನ ಗೋಡೆಗೆ ತಾಗಿಸಿ, ಉಸಿರು ಹಿಡಿದು, ಅಲ್ತಾರ್ ಕೋಣೆಯನ್ನು ಕಡಿದು ಬೇರೆ ಮಾಡಿದೆ. ಒಂದು ವಾರದ ಕೆಲಸ ಇಪ್ಪತ್ತು ನಿಮಿಷದಲ್ಲಿ ಕೈಗೆ ಬಂತು.

ಓರೆ ಕಟ್ಟುವುದು ನೇರ ಕಟ್ಟುವುದಕ್ಕಿಂತ ಎಷ್ಟು ಕಷ್ಟ ಎಂದು ಆ ಹತ್ತು ದಿನ ಕಲಿತೆ. ಮೂಲೆಮಟ್ಟ ಉಪಯೋಗಕ್ಕೆ ಬರಲಿಲ್ಲ. ರಟ್ಟಿನಲ್ಲಿ ಆ ಕೋನದ ಒಂದು ಅಚ್ಚು ಕತ್ತರಿಸಿಕೊಂಡೆ. ಬಡಗು ಗೋಡೆ ತೆಂಕು ಗೋಡೆಗಿಂತ ಕೂದಲಷ್ಟು ಗಿಡ್ಡ. ಛಾವಣಿಯ ಎರಡು ಇಳಿಜಾರು ಹಜಾರವನ್ನು ಸೇರುವಲ್ಲಿ ಒಂದೊಂದೂ ಬೇರೆ ಕೊಯ್ತ. ಕೈ ತಾನಾಗಿ ನೇರಕ್ಕೆ ಎಳೆಯುತ್ತಿತ್ತು. ಎರಡು ಸಲ ಅರಿಯದೆಯೇ ಉಳಿಯಿಂದ ಒಂದು ಎಳೆ ತೆಗೆದು, ಮತ್ತೆ ಹಲಗೆ ಬದಲಿಸಬೇಕಾಯಿತು. ಅವರು ಕೇಳದ ಒಂದನ್ನು ನಾನೇ ಸೇರಿಸಿದೆ. ಒಳಗಿನ ನೆಲದಲ್ಲಿ, ಹಳೇ ಪಾಯ ಇದ್ದ ಕಡೆ, ಸಾಗುವಾನಿಯ ಸಪೂರ ಪಟ್ಟಿ ಕೂರಿಸಿದೆ. ಬೀಚಿನ ನುಣುಪಿನ ನಡುವೆ ಒರಟು ಗೆರೆ. ಉಗುರಿನ ಎತ್ತರವೂ ಇಲ್ಲ.

ಹೊರಡುವ ಹಿಂದಿನ ದಿನ ಮಧ್ಯಾಹ್ನ ಇಂಜಿನಿಯರ್ ಬಂದರು. ಪ್ಯಾಕ್ ಮಾಡುವುದಕ್ಕಷ್ಟೇ ಎಂದು ತಿಳಿದಿದ್ದರು. ನಾನು ಸ್ಟೂಲ್ ಕೊಟ್ಟು ಛಾವಣಿ ತೆಗೆದು ಸ್ಕೇಲ್ ಕೈಗಿತ್ತೆ.

ಸ್ಕೇಲಿನ ತುದಿ ಕಿಟಕಿಯ ಬಲಗಡೆಗೆ ತಾಗಿತು. ಅವರ ಬೆರಳು ಎಡಗಡೆಗೆ ಜಾರಿ, ಕಮಾನಿನ ಹಿಂದೆ ಅಡಗಿದ ಆ ಪಟ್ಟಿಯನ್ನು ಹುಡುಕಿ ಹಿಡಿಯಿತು. ಅಲ್ಲೇ ನಿಂತಿತು. ತುಂಬ ಹೊತ್ತು ನಿಂತಿತು. ಮುಚ್ಚಿದ ಕಣ್ಣಿನಲ್ಲೇ ಕತ್ತನ್ನು ಒಂದು ಕಡೆಗೆ ಚಾಚಿದರು. ಅದು ಅವರಿಗೆ ಗೊತ್ತಾಗಲಿಲ್ಲ ಎಂದು ಕಾಣುತ್ತದೆ.

ಆಮೇಲೆ ನೆಲದ ಒರಟು ಗೆರೆ ಸಿಕ್ಕಿತು. "ಇದು?"

ಆಗ ಹೇಳಿದೆ. ದಾರದ ವಿಷಯ, ಒಳಗಿನ ಪೂಜೆಯ ವಿಷಯ, ಮೂರು ಮತ್ತು ಒಂಬತ್ತು. ಕೊನೆಗೆ ರಯ್ಯಾನಿನ ಮನೆ, ಟೈಲ್ಸಿನ ಸಪೂರ ಸಾಲು, ಎಲ್ಲವನ್ನೂ. ಅವರು ಹೆಬ್ಬೆರಳನ್ನು ಹಳೇ ಗೋಡೆಗೂ ಹೊಸ ಗೋಡೆಗೂ ನಡುವೆ ಇಟ್ಟು ಒಂದು ಬದಿ ಅಳೆದರು. ಇನ್ನೊಂದು ಬದಿಗೂ ಇಟ್ಟರು. ಅದೇ ಹೆಬ್ಬೆರಳು, ಅದೇ ಜಾಗ.

"ಹಾಗಾದರೆ ಇಷ್ಟೆಲ್ಲ ಆಗುವಾಗಲೂ ಒಂದು ಭಾನುವಾರವೂ ಪೂಜೆ ನಿಲ್ಲಲಿಲ್ಲ," ಎಂದರು. "ಅಪ್ಪನಿಗೆ ಇದನ್ನು ಹೇಳಬೇಕಿತ್ತು." ಹೆಬ್ಬೆರಳು ತೆಗೆದು, "ಸರಿ ಅಂತ ನಾನು ಪ್ರಮಾಣ ಮಾಡಲಾರೆ ಉಸ್ತಾದ್. ಆದರೆ ನನಗೆ ಇದು ಸಾಕು," ಎಂದರು. ಈ ಸಲ ಸಾಕು ಎಂದದ್ದು ಬೇರೆ ತರಹ ಕೇಳಿಸಿತು.

ಪೆಟ್ಟಿಗೆಗೆ ಹಾಕುವ ಮೊದಲು ಮಾದರಿಯನ್ನು ಮಗುಚಿ ಅಡಿಯಲ್ಲಿ ಹೆಸರು ಬರೆ ಎಂದರು. ಬಾಗಿಲಿಗೆ ನಾವು ಹೆಸರು ಬರೆಯುವುದಿಲ್ಲ, ಅಭ್ಯಾಸವಿಲ್ಲ. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಬೇರೆಯೇ ಬರೆದೆ.

ಗುಮಾಸ್ತರು ಇಣುಕಿದರು. "ಎಂತ ಮಾರಾಯ್ರೆ, ಕನ್ನಡದಲ್ಲಿ ಬರ್ದ್ರೆ ಇಂಗ್ಲೆಂಡಿನಲ್ಲಿ ಯಾರು ಓದುದು?"

"ನೀವು ಕೆಳಗೆ ಇಂಗ್ಲಿಷಿನಲ್ಲಿ ಬರೀರಿ. ಅಂಟು ಬಿಟ್ಟದ್ದನ್ನು ಪುನಃ ಅಂಟಿಸ್ಲಿಕ್ಕೆ ಯಾವತ್ತಾದರೂ ಒಬ್ಬ ಬಡಗಿ ಇದನ್ನು ಮಗುಚದೆ ಇರುದಿಲ್ಲ."

ಅವರು ತಮ್ಮ ಚಂದದ ಅಕ್ಷರದಲ್ಲಿ ನನ್ನ ಸಾಲಿನ ಕೆಳಗೆ ಅದನ್ನೇ ಬರೆದರು. ನನ್ನ ಸಾಲು ಇಷ್ಟೇ:

ಈ ಕೋಣೆ ಓರೆಯೇ ಇದೆ. ನೇರ ಮಾಡಬಾರದು.